ಇಂಡಕ್ಷನ್ ಒಲೆ: ಎರೆಭೂಮಿಯ ಮನೆಗಳಲ್ಲಿ ಬಳಸುವ ಕ್ರಮ

ಬೇಸಾಯಶಾಸ್ತ್ರದವರಿಗೆ ಅಡುಗೆ ಒಲೆಯ ಗೊಡವೆ ಏಕೆ ಎಂದು ರೈತ ಬಾಂಧವರು ಕೇಳಬಹುದು. ನವಲಗುಂದ, ಅಣ್ಣಿಗೇರಿ, ಕುಂದಗೋಳ ಭಾಗದ ಎರೆಭೂಮಿಯಲ್ಲಿ ಒಲೆಗೂ ಹೊಲಕ್ಕೂ ಇರುವ ನಂಟು ಬಹಳ ಹತ್ತಿರದ್ದು. ಇಲ್ಲಿ ಕಾಡಿಲ್ಲ, ಗಿಡಮರಗಳು ವಿರಳ. ಹೀಗಾಗಿ ತಲೆಮಾರುಗಳಿಂದ ಒಲೆಗೆ ಹೋಗುತ್ತ ಬಂದಿರುವುದು ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ ಮತ್ತು ಕುಳ್ಳು. ಚೆನ್ನಾಗಿ ಕಳಿತ ಒಂದು ಟನ್ ತಿಪ್ಪೆಗೊಬ್ಬರದಲ್ಲಿ ಸುಮಾರು ೫ ಕಿಲೋಗ್ರಾಂ ಸಾರಜನಕವಿರುತ್ತದೆ. ಸಗಣಿಯನ್ನು ಕುಳ್ಳು ತಟ್ಟಿ ಸುಟ್ಟರೆ ಈ ಸಾರಜನಕವೂ, ಭೂಮಿಗೆ ಸೇರಬೇಕಾದ ಸಾವಯವ ಪದಾರ್ಥವೂ ಹೊಗೆಯಾಗಿ ಹೋಗಿ, ಬೂದಿಯಲ್ಲಿ ಒಂದಿಷ್ಟು ಪೊಟ್ಯಾಷ್ ಮತ್ತು ರಂಜಕ ಮಾತ್ರ ಉಳಿಯುತ್ತವೆ. ಹಿಂಗಾರಿ ಜೋಳ, ಕಡಲೆಗಳು ನೆಲದ ಹಸಿಯ ಮೇಲೆಯೇ ಬದುಕಬೇಕಾದ ಈ ಭೂಮಿಗೆ ಇದು ಸಣ್ಣ ನಷ್ಟವಲ್ಲ.

೨೦೧೬ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಗ್ಯಾಸು ಅನೇಕ ಹಳ್ಳಿಮನೆಗಳನ್ನು ತಲುಪಿತು. ಆದರೂ ಸಿಲಿಂಡರು ಮುಗಿದು ಮತ್ತೊಂದು ಬರುವವರೆಗೆ ಹಳೆಯ ಒಲೆಯೇ ಗತಿ ಎನ್ನುವ ಮನೆಗಳು ಇವೆ. ಈಗ ಅಂಥ ಮನೆಗಳಿಗೆ ಇಂಡಕ್ಷನ್ ಒಲೆ ಬರುತ್ತಿದೆ. ಮಗಳ ಮದುವೆಯಲ್ಲಿ ಉಡುಗೊರೆಯಾಗಿ ಬಂದದ್ದೋ, ಹುಬ್ಬಳ್ಳಿಯ ಅಂಗಡಿಯಿಂದ ತಂದದ್ದೋ, ಹೇಗೆ ಬಂದರೂ ಸರಿಯೇ. ಅದನ್ನು ತಂದ ದಿನವೇ ದೀಪದ ಪ್ಲಗ್ಗಿಗೆ ಸಿಕ್ಕಿಸುವ ಅವಸರ ಬೇಡ.

ಶಾಖ ಹುಟ್ಟುವ ಬಗೆ

ಹಳೆಯ ಸುರುಳಿ ಹೀಟರಿನಲ್ಲಿ ತಂತಿ ಕೆಂಪಗೆ ಕಾಯ್ದು ಪಾತ್ರೆಗೆ ಶಾಖ ಕೊಡುತ್ತಿತ್ತು. ಇಂಡಕ್ಷನ್ ಒಲೆಯಲ್ಲಿ ಹಾಗಿಲ್ಲ. ಗಾಜಿನ ಹಲಗೆಯ ಕೆಳಗೆ ತಾಮ್ರದ ಸುರುಳಿಯೊಂದಿದ್ದು, ಅದರಲ್ಲಿ ವಿದ್ಯುತ್ತು ಸೆಕೆಂಡಿಗೆ ೨೦ ಸಾವಿರಕ್ಕೂ ಹೆಚ್ಚು ಸಲ ದಿಕ್ಕು ಬದಲಿಸುತ್ತ ಹರಿಯುತ್ತದೆ. ಇದರಿಂದ ಹುಟ್ಟುವ ಕಾಂತಕ್ಷೇತ್ರವು ಮೇಲಿಟ್ಟ ಕಬ್ಬಿಣದ ಪಾತ್ರೆಯ ತಳದಲ್ಲಿ ವಿದ್ಯುತ್ತನ್ನು ಪ್ರೇರಿಸುತ್ತದೆ, ಆ ವಿದ್ಯುತ್ತಿನಿಂದ ಪಾತ್ರೆ ತಾನೇ ಕಾಯುತ್ತದೆ. ಮೈಕೆಲ್ ಫ್ಯಾರಡೆ ೧೮೩೧ರಲ್ಲಿ ತೋರಿಸಿಕೊಟ್ಟ ತತ್ವವೇ ಇದು. ನಿಮ್ಮ ಊರಿನ ಟಿ.ಸಿ.ಯೂ (ಟ್ರಾನ್ಸ್‌ಫಾರ್ಮರ್) ಇದೇ ತತ್ವದ ಮೇಲೆ ನಡೆಯುತ್ತದೆ.

ಕಾಯುವುದು ಪಾತ್ರೆಯೇ ಆದ್ದರಿಂದ ನಷ್ಟ ಕಡಿಮೆ. ಬಳಸಿದ ವಿದ್ಯುತ್ತಿನಲ್ಲಿ ನೂರಕ್ಕೆ ೮೦ರಿಂದ ೮೫ ಭಾಗ ಅಡುಗೆಗೆ ತಲುಪುತ್ತದೆ. ಒಳ್ಳೆಯ ಗ್ಯಾಸ್ ಒಲೆಯಲ್ಲಿ ಇದು ೬೫ರ ಆಸುಪಾಸು, ಗಾಳಿಗೆ ಉರಿ ಹೊಯ್ದಾಡಿದರೆ ಇನ್ನೂ ಕಡಿಮೆ.

ಯಾವ ಪಾತ್ರೆ ನಡೆಯುತ್ತದೆ?

ಕಾಂತಕ್ಕೆ ಅಂಟುವ ಪಾತ್ರೆ ನಡೆಯುತ್ತದೆ, ಅಂಟದ್ದು ನಡೆಯುವುದಿಲ್ಲ. ಕೆಟ್ಟ ರೇಡಿಯೋದ ಸ್ಪೀಕರಿನಲ್ಲಿರುವ ಕಾಂತವನ್ನು ಪಾತ್ರೆಯ ತಳಕ್ಕೆ ಹಿಡಿದು ನೋಡಿದರೆ ಸಾಕು. ಅಲ್ಯೂಮಿನಿಯಂ ಬೋಗುಣಿ, ತಾಮ್ರದ ತಂಬಿಗೆ, ಹಿತ್ತಾಳೆಯ ಪಾತ್ರೆ, ಮಣ್ಣಿನ ಗಡಿಗೆ ಇವುಗಳಿಗೆ ಶಾಖ ಬರುವುದಿಲ್ಲ. ಸ್ಟೀಲಿನಲ್ಲಿ ಕೆಲವು ಅಂಟುತ್ತವೆ, ಕೆಲವು ಅಂಟುವುದಿಲ್ಲ. ಕುಕ್ಕರ್ ಕೊಳ್ಳುವಾಗ ಇಂಡಕ್ಷನ್ ತಳ ಉಂಟೇ ಎಂದು ಕೇಳಿಯೇ ಕೊಳ್ಳಬೇಕು. ತಳ ಸಪಾಟಾಗಿರಬೇಕು, ಉಬ್ಬು ತಳದ ಪಾತ್ರೆ ಗಾಜಿನ ಮೇಲೆ ಅಲುಗಾಡುವುದಲ್ಲದೆ ಸರಿಯಾಗಿ ಕಾಯುವುದೂ ಇಲ್ಲ.

ಇನ್ನು ರೊಟ್ಟಿಯ ವಿಷಯ. ಜೋಳದ ರೊಟ್ಟಿಯನ್ನು ಇಂಡಕ್ಷನ್ ಮೇಲೆ ಬೇಯಿಸಬಹುದೇ ಎಂಬುದು ತಾಯಂದಿರ ಮೊದಲ ಪ್ರಶ್ನೆ. ದಪ್ಪ ಕಬ್ಬಿಣದ ಸಪಾಟು ಹಂಚಾದರೆ ಆಗುತ್ತದೆ, ಆದರೆ ಮನಸ್ಸಿಗೆ ಒಪ್ಪುವ ಹಾಗೆ ಆಗುವುದಿಲ್ಲ. ಸುರುಳಿಯ ಅಗಲದಷ್ಟೇ ಜಾಗ ಕಾಯ್ದು ಹಂಚಿನ ಅಂಚು ತಣ್ಣಗುಳಿಯುತ್ತದೆ. ಒಮ್ಮೆಲೇ ಹೆಚ್ಚು ಶಾಖ ಕೊಟ್ಟರೆ ತೆಳು ಹಂಚು ಡೊಂಕಾಗುತ್ತದೆ. ಕೊನೆಗೆ ರೊಟ್ಟಿಯನ್ನು ಕೆಂಡದ ಮುಂದೆ ನಿಲ್ಲಿಸಿ ಉಬ್ಬಿಸುವ ಅನುಕೂಲವೂ ಇಲ್ಲಿಲ್ಲ. ನನ್ನ ಅಭಿಪ್ರಾಯದಲ್ಲಿ ರೊಟ್ಟಿಯನ್ನು ಗ್ಯಾಸಿನ ಮೇಲೋ ಕಟ್ಟಿಗೆ ಒಲೆಯ ಮೇಲೋ ಬಿಟ್ಟು, ಚಹಾ, ಹಾಲು, ಅನ್ನ, ಬೇಳೆ, ಪಲ್ಯ, ನುಚ್ಚುಗಳನ್ನು ಇಂಡಕ್ಷನ್ನಿಗೆ ಒಪ್ಪಿಸುವುದೇ ಲೇಸು. ಮಾಡಲೇಬೇಕಾದರೆ ೮೦೦ ವ್ಯಾಟಿನಿಂದ ಆರಂಭಿಸಿ ಹಂಚನ್ನು ನಿಧಾನ ಕಾಯಿಸಿ, ರೊಟ್ಟಿಯನ್ನು ತಿರುಗಿಸುತ್ತ ಬೇಯಿಸಿರಿ. ರೊಟ್ಟಿ ಬಡಿಯುವ ಕೆಲಸ ಒಲೆಯಿಂದ ದೂರ ನಡೆಯಲಿ. ಹಿಟ್ಟಿನ ಧೂಳು ಒಲೆಯ ಕೆಳಗಿನ ಗಾಳಿಕಿಂಡಿಗೆ ಸೇರಿದರೆ ಒಳಗಿನ ಪಂಖಾ ಕಟ್ಟಿಕೊಳ್ಳುತ್ತದೆ.

ತಂತಿ ಮತ್ತು ಪ್ಲಗ್ಗು

೨೦೦೦ ವ್ಯಾಟಿನ ಒಲೆ ೨೩೦ ವೋಲ್ಟಿನಲ್ಲಿ ಸುಮಾರು ೯ ಆಂಪಿಯರ್ ಎಳೆಯುತ್ತದೆ. ದೀಪ, ಪಂಖಾಗಳಿಗಾಗಿ ಹಾಕಿದ ಚಿಕ್ಕ ಪ್ಲಗ್ಗು ೬ ಆಂಪಿಯರಿನದು. ಒಲೆಯ ದಪ್ಪ ಪಿನ್ನು ಅದಕ್ಕೆ ಹೊಂದುವುದಿಲ್ಲವೆಂದು ಪೇಟೆಯಿಂದ ಕನ್ವರ್ಟರ್ ಪಿನ್ನು ತಂದು ಸಿಕ್ಕಿಸುವವರಿದ್ದಾರೆ. ಆ ಪಿನ್ನು ದಪ್ಪಗಿರುವುದೇ ಸಣ್ಣ ಪ್ಲಗ್ಗಿಗೆ ಹೋಗಬಾರದೆಂಬ ಕಾರಣಕ್ಕೆ. ಒಲೆಗೆ ೧೬ ಆಂಪಿಯರಿನ ಪ್ರತ್ಯೇಕ ಸಾಕೆಟ್ಟು, ಅಲ್ಲಿಂದ ಮೇನ್ ಬೋರ್ಡಿನವರೆಗೆ ಕನಿಷ್ಠ ೨.೫ ಚದರ ಮಿಲಿಮೀಟರಿನ ತಾಮ್ರದ ತಂತಿ ಬೇಕು, ದೂರ ಹೆಚ್ಚಾಗಿದ್ದರೆ ೪ ಚದರ ಮಿಲಿಮೀಟರಿನದು. ಹಳೆಯ ಮನೆಗಳಲ್ಲಿ ಅಲ್ಯೂಮಿನಿಯಂ ತಂತಿಯಿದ್ದಲ್ಲಿ ಅದರ ಜೋಡಣೆಗಳು ಸಡಿಲಗೊಂಡು ಕಾಯುತ್ತವೆ. ಅಂಥಲ್ಲಿ ಒಲೆಗೆ ಹೊಸ ತಂತಿಯನ್ನೇ ಎಳೆಸಬೇಕು. ಅಡುಗೆ ಮಾಡಿದ ಮೇಲೆ ಪ್ಲಗ್ಗನ್ನು ಮುಟ್ಟಿ ನೋಡಿರಿ. ಬಿಸಿ ಎನಿಸಿದರೆ ಮರುದಿನ ಒಲೆ ಹಚ್ಚುವ ಮೊದಲು ವಾಯರ್‌ಮನ್‌ನನ್ನು ಕರೆಸಿರಿ. ಫ್ಯೂಸು ಮತ್ತೆ ಮತ್ತೆ ಹೋಗುತ್ತದೆಂದು ದಪ್ಪ ತಂತಿ ಕಟ್ಟುವುದು ಮನೆಗೆ ಬೆಂಕಿ ಇಟ್ಟಂತೆಯೇ.

ಭಾಗ್ಯಜ್ಯೋತಿಯಂಥ ಯೋಜನೆಗಳಲ್ಲಿ ಒಂದು ದೀಪಕ್ಕೆಂದು ಕೊಟ್ಟ ಸಂಪರ್ಕದ ಮೇಲೆ ಈ ಒಲೆ ನಡೆಸಲಾಗದು. ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ಎಂದು ನೋಡಿ, ಕಡಿಮೆಯಿದ್ದರೆ ಹೆಸ್ಕಾಂನ ಶಾಖಾ ಕಚೇರಿಯಲ್ಲಿ ಅರ್ಜಿ ಕೊಟ್ಟು ಹೆಚ್ಚಿಸಿಕೊಳ್ಳಬೇಕು. ಹೊಲದ ಮನೆಯಲ್ಲಿರುವವರು ಪಂಪ್‌ಸೆಟ್ಟಿನ ಸಂಪರ್ಕದಿಂದ ಒಲೆಗೆ ತಂತಿ ಎಳೆಯುವುದು ಎರಡು ವಿಧದಲ್ಲಿ ತಪ್ಪು. ಆ ವಿದ್ಯುತ್ತು ನೀರೆತ್ತುವುದಕ್ಕಷ್ಟೇ ಕೊಟ್ಟದ್ದು, ಮೇಲಾಗಿ ಆ ಮಾರ್ಗದಲ್ಲಿ ವೋಲ್ಟೇಜಿನ ಏರಿಳಿತ ಬಹಳ. ಊರೊಳಗೂ ಬೇಸಿಗೆಯ ಸಂಜೆ ವೋಲ್ಟೇಜು ಬಹಳ ಇಳಿದಾಗ ಒಲೆ ಗುರುತು ತೋರಿಸಿ ತಾನೇ ನಿಲ್ಲುವುದುಂಟು. ಅದು ಒಲೆ ಕೆಟ್ಟದ್ದಲ್ಲ. ದೀಪಗಳು ಒಮ್ಮೆಲೇ ಅತಿ ಪ್ರಖರವಾದರೆ ಮಾತ್ರ ಕೂಡಲೆ ಮೇನ್ ಸ್ವಿಚ್ ತೆಗೆದು ೧೯೧೨ಕ್ಕೆ ಫೋನು ಮಾಡಬೇಕು. ನ್ಯೂಟ್ರಲ್ ತಂತಿ ಕಡಿದಾಗ ಮನೆಗೆ ೪೦೦ ವೋಲ್ಟಿನವರೆಗೂ ಬರಬಹುದು. ಮುಂಗಾರು ಪೂರ್ವದ ಗುಡುಗು ಸಿಡಿಲಿನ ಸಂಜೆಗಳಲ್ಲಿ ಪಿನ್ನನ್ನು ಕಿತ್ತಿಡುವುದು ಒಳ್ಳೆಯದು.

ಎರೆಮಣ್ಣಿನಲ್ಲಿ ಅರ್ಥಿಂಗ್

ಈ ಒಂದು ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ, ಏಕೆಂದರೆ ಒಲೆಯ ಜೊತೆ ಬರುವ ಕೈಪಿಡಿಯಲ್ಲಿ ಇದು ಇರುವುದಿಲ್ಲ.

ಒಲೆಯೊಳಗೆ ತೇವ ಸೇರಿ ಅಥವಾ ತಂತಿ ಸವೆದು ವಿದ್ಯುತ್ತು ಸೋರಿದರೆ, ಅದು ಮನುಷ್ಯನ ಮೈಯಿಂದ ಹಾಯದೆ ಭೂಮಿಗೆ ಇಳಿಯಲೆಂದು ಅರ್ಥಿಂಗ್ ಇರುವುದು. ಸಾರಿಸಿದ ಹಸಿ ನೆಲದ ಮೇಲೆ ಬರಿಗಾಲಲ್ಲಿ ನಿಂತು ಅಡುಗೆ ಮಾಡುವ ನಮ್ಮ ಮನೆಗಳಲ್ಲಿ ಇದರ ಮಹತ್ವ ಇನ್ನೂ ಹೆಚ್ಚು. ಭೂಮಿಗೆ ಇಳಿಯುವುದು ಸುಲಭವೋ ಕಷ್ಟವೋ ಎಂಬುದು ಮಣ್ಣಿನ ಗುಣವನ್ನು ಅವಲಂಬಿಸಿದೆ.

ಎರೆಮಣ್ಣಿನ ಜಿಗುಟು ಕಣಗಳು ನೀರು ಹೀರಿ ಉಬ್ಬುತ್ತವೆ, ಒಣಗಿದರೆ ಕುಗ್ಗುತ್ತವೆ. ಹಸಿಯಿದ್ದಾಗ ಈ ಮಣ್ಣು ವಿದ್ಯುತ್ತನ್ನು ಬಹಳ ಚೆನ್ನಾಗಿ ಹರಿಯಗೊಡುತ್ತದೆ. ಅರ್ಥಿಂಗ್ ಗುಂಡಿಗೆ ತುಂಬಲು ಪೇಟೆಯಲ್ಲಿ ಮಾರುವ ಬೆಂಟೊನೈಟ್ ಪುಡಿಯೂ ಇದೇ ಕುಲದ ಜೇಡಿ ಎಂಬುದು ತಮಾಷೆಯ ಸಂಗತಿ. ಆದರೆ ಮಾರ್ಚಿ, ಏಪ್ರಿಲ್ ತಿಂಗಳಿಗೆ ಎರೆಯ ಹೊಲ ಬಿರಿಯುವುದನ್ನು ನೀವು ನೋಡಿಯೇ ಇದ್ದೀರಿ. ಎತ್ತಿನ ಕಾಲು ಸಿಕ್ಕಿಬೀಳುವಷ್ಟು ಅಗಲ, ಒಂದು ಮೀಟರಿನವರೆಗೆ ಆಳದ ಬಿರುಕುಗಳು. ಅದೇ ಬಿರುಕು ಅರ್ಥಿಂಗ್ ಪೈಪಿನ ಸುತ್ತಲೂ ಬೀಳುತ್ತದೆ. ಮಣ್ಣು ಪೈಪನ್ನು ಬಿಟ್ಟು ಹಿಂದೆ ಸರಿಯುತ್ತದೆ, ನಡುವೆ ಗಾಳಿ ನಿಲ್ಲುತ್ತದೆ. ಮೇಲೆ ತಂತಿ ಕಾಣುತ್ತದೆ, ಒಳಗೆ ಸಂಪರ್ಕವಿಲ್ಲ. ಶ್ರಾವಣದಲ್ಲಿ ಪರೀಕ್ಷಿಸಿ ಸರಿಯಿದೆ ಎಂದ ಅರ್ಥಿಂಗ್ ಬೇಸಿಗೆಯಲ್ಲಿ ಕೈಕೊಡುವುದು ಹೀಗೆ.

ಆದ್ದರಿಂದ ಎರಡು ಮೂರು ಅಡಿಯ ಸರಳು ಬಡಿದು ಮುಗಿಸಬಾರದು. ೨.೫ ಮೀಟರ್ ಉದ್ದ, ಸುಮಾರು ೪೦ ಮಿಲಿಮೀಟರ್ ವ್ಯಾಸದ ಸತುವು ಲೇಪಿತ ಕಬ್ಬಿಣದ ಪೈಪನ್ನು ನೇರವಾಗಿ ಹೂಳಿಸಿ, ಸುತ್ತಲೂ ಇದ್ದಲಿ ಮತ್ತು ಉಪ್ಪನ್ನು ಪದರ ಪದರವಾಗಿ ತುಂಬಿಸಬೇಕು. ಬಿರುಕು ಮುಟ್ಟದ ಆಳದಲ್ಲಿ ಹಸಿ ಉಳಿದಿರುತ್ತದೆ, ಪೈಪು ಅಲ್ಲಿಗೆ ತಲುಪಬೇಕು. ಗುಂಡಿಯ ಬಾಯಿಗೆ ಇಟ್ಟಿಗೆಯ ಚಿಕ್ಕ ಕಟ್ಟೆ ಕಟ್ಟಿಸಿ, ಬೇಸಿಗೆಯಲ್ಲಿ ವಾರಕ್ಕೆರಡು ಸಲ ಒಂದೆರಡು ಕೊಡ ನೀರು ಹಾಕಬೇಕು. ಬಚ್ಚಲ ನೀರು ಹರಿಯುವ ಕಡೆ ಗುಂಡಿಯಿದ್ದರೆ ಇನ್ನೂ ಅನುಕೂಲ. ಉಪ್ಪು ಪೈಪನ್ನು ತಿನ್ನುತ್ತದೆ, ಹಾಗಾಗಿ ಮೇಲಿನ ನಟ್ಟು, ತಂತಿಯ ಜೋಡಣೆ ತುಕ್ಕು ಹಿಡಿದಿದೆಯೇ ಎಂದು ವರ್ಷಕ್ಕೊಮ್ಮೆ ನೋಡಿಸಿರಿ.

ಕಲಘಟಗಿ ಕಡೆಯ ಕೆಂಪು ಮಸಾರಿ ಮಣ್ಣಿನಲ್ಲಿ ಬಿರುಕಿನ ತೊಂದರೆಯಿಲ್ಲ. ಆದರೆ ಗರಸು ಮಣ್ಣು ವಿದ್ಯುತ್ತನ್ನು ಅಷ್ಟು ಸುಲಭವಾಗಿ ಒಯ್ಯುವುದಿಲ್ಲ. ಅಲ್ಲಿ ಒಂದು ಪೈಪು ಸಾಲದಿದ್ದರೆ ಐದು ಮೀಟರ್ ಅಂತರದಲ್ಲಿ ಎರಡನೆಯದನ್ನು ಹೂಳಿ ಎರಡನ್ನೂ ಜೋಡಿಸಬೇಕಾಗುತ್ತದೆ.

ಇದರೊಡನೆ ೩೦ ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಎಂಬ ಸ್ವಿಚ್ಚನ್ನು ಮೇನ್ ಬೋರ್ಡಿನಲ್ಲಿ ಹಾಕಿಸಿರಿ. ವಿದ್ಯುತ್ತು ಸೋರಿದೊಡನೆ ಕಣ್ಣು ಮಿಟುಕಿಸುವುದರೊಳಗೆ ಸಂಪರ್ಕ ಕಡಿಯುತ್ತದೆ. ಎಂ.ಸಿ.ಬಿ. ಬೇರೆ, ಇದು ಬೇರೆ. ಎಂ.ಸಿ.ಬಿ. ತಂತಿಯನ್ನು ಕಾಯುತ್ತದೆ, ಇದು ಮನುಷ್ಯನನ್ನು ಕಾಯುತ್ತದೆ.

ಖರ್ಚಿನ ಲೆಕ್ಕ

ಒಂದು ಲೀಟರ್ ನೀರನ್ನು ೨೫ ಡಿಗ್ರಿಯಿಂದ ಕುದಿಯುವವರೆಗೆ ಕಾಯಿಸಲು ಈ ಒಲೆಗೆ ಯುನಿಟ್ಟಿನ ಹತ್ತನೆಯ ಒಂದು ಭಾಗ ಸಾಕು. ೨೦೦೦ ವ್ಯಾಟಿನಲ್ಲಿಟ್ಟರೆ ಮೂರು ನಿಮಿಷದ ಕೆಲಸ. ರೊಟ್ಟಿ ಬಿಟ್ಟು ಐದಾರು ಜನರ ಎರಡು ಹೊತ್ತಿನ ಅಡುಗೆ, ಚಹಾ, ಹಾಲು ಎಂದರೆ ದಿನಕ್ಕೆ ಒಂದೂವರೆ ಯುನಿಟ್, ತಿಂಗಳಿಗೆ ೪೫ ಯುನಿಟ್ ಎಂದು ಅಂದಾಜು ಹಿಡಿಯಬಹುದು.

ಗ್ಯಾಸಿನೊಂದಿಗೆ ಹೋಲಿಸುವುದಾದರೆ, ೧೪.೨ ಕಿಲೋಗ್ರಾಂನ ಒಂದು ಸಿಲಿಂಡರು ಮಾಡುವ ಕೆಲಸವನ್ನು ಇಂಡಕ್ಷನ್ ಒಲೆ ಸುಮಾರು ೧೩೫ ಯುನಿಟ್ಟಿನಲ್ಲಿ ಮಾಡುತ್ತದೆ. ನಿಮ್ಮ ಸಿಲಿಂಡರಿನ ಬೆಲೆಯನ್ನು ೧೩೫ರಿಂದ ಭಾಗಿಸಿರಿ. ೮೧೦ ರೂಪಾಯಿ ಕೊಟ್ಟಿದ್ದರೆ ಉತ್ತರ ೬ ರೂಪಾಯಿ. ನಿಮ್ಮ ಬಿಲ್ಲಿನ ಯುನಿಟ್ ದರ ಅದಕ್ಕಿಂತ ಕಡಿಮೆಯಿದ್ದರೆ ಇಂಡಕ್ಷನ್ ಅಗ್ಗ, ಹೆಚ್ಚಿದ್ದರೆ ಗ್ಯಾಸು ಅಗ್ಗ.

ಗೃಹಜ್ಯೋತಿ ಇರುವಾಗ ೨೦೦ ಯುನಿಟ್ ಪುಕ್ಕಟೆಯಲ್ಲವೇ ಎಂದು ಅನೇಕರು ಎನ್ನುತ್ತಾರೆ. ಇಲ್ಲಿ ಒಂದು ತಿಳುವಳಿಕೆ ತಪ್ಪಾಗಿದೆ. ೨೦೨೩ರಲ್ಲಿ ಬಂದ ಈ ಯೋಜನೆಯಲ್ಲಿ ಪ್ರತಿ ಮನೆಗೂ ೨೦೦ ಯುನಿಟ್ ಇಲ್ಲ. ೨೦೨೨-೨೩ನೆಯ ಸಾಲಿನ ನಿಮ್ಮ ಸರಾಸರಿ ಬಳಕೆಗೆ ನೂರಕ್ಕೆ ಹತ್ತು ಸೇರಿಸಿದಷ್ಟೇ ನಿಮ್ಮ ಪಾಲು. ಸರಾಸರಿ ೪೮ ಯುನಿಟ್ಟಿಗಿಂತ ಕಡಿಮೆಯಿದ್ದವರಿಗೆ ೨೦೨೪ರಲ್ಲಿ ಇದನ್ನು ಹತ್ತು ಯುನಿಟ್ ಎಂದು ಮಾಡಲಾಯಿತು. ಅಂದರೆ ೪೦ ಯುನಿಟ್ ಸುಡುತ್ತಿದ್ದ ಮನೆಗೆ ೫೦ ಮಾತ್ರ ಪುಕ್ಕಟೆ. ಒಲೆಯಿಂದ ೪೫ ಏರಿ ೮೫ ಆದರೆ ಮೇಲಿನ ೩೫ಕ್ಕೆ ಹಣ ಕಟ್ಟಬೇಕು. ಒಟ್ಟು ೨೦೦ ದಾಟಿದ ತಿಂಗಳು ಪೂರ್ತಿ ಬಿಲ್ಲು ಬರುತ್ತದೆ. ಫ್ರಿಜ್ಜು, ಗೀಜರ್ ಎರಡೂ ಇರುವ ಮನೆಯವರು ಮೀಟರಿನ ಮೇಲೆ ಕಣ್ಣಿಡಬೇಕು. ಸ್ನಾನದ ನೀರನ್ನಂತೂ ಇಂಡಕ್ಷನ್ ಮೇಲೆ ಕಾಯಿಸುವ ಪ್ರಯತ್ನ ಬೇಡ. ತಾಮ್ರದ ಹಂಡೆಗೆ ಅದು ನಡೆಯುವುದೂ ಇಲ್ಲ.

ಒಲೆಯ ಮುಂದೆ

ಕಲ್ಲಿನ ಅಥವಾ ಸಿಮೆಂಟಿನ ಕಟ್ಟೆಯ ಮೇಲೆ, ಗೋಡೆಯಿಂದ ನಾಲ್ಕು ಬೆರಳು ದೂರ ಇಡಬೇಕು. ಕಬ್ಬಿಣದ ಮೇಜು, ಗ್ಯಾಸ್ ಒಲೆಯ ಬೆನ್ನು ಸಲ್ಲದು. ಕೆಳಗೆ ಪೇಪರು, ಪ್ಲಾಸ್ಟಿಕ್ ಹಾಸಿದರೆ ಪಂಖಾ ಉಸಿರುಗಟ್ಟುತ್ತದೆ. ಅಡುಗೆಯಾದೊಡನೆ ಗೋಡೆಯ ಸ್ವಿಚ್ಚು ಆರಿಸಬಾರದು, ಮೊದಲು ಒಲೆಯ ಗುಂಡಿ ಒತ್ತಿ, ಪಂಖಾ ನಿಂತ ಮೇಲೆ ಆರಿಸಬೇಕು.

ಒಗ್ಗರಣೆಯಲ್ಲಿ ಎಚ್ಚರ ಬೇಕು. ಉರಿ ಕಾಣುವುದಿಲ್ಲವಾದ್ದರಿಂದ ಶಾಖದ ಅಂದಾಜು ಸಿಗುವುದಿಲ್ಲ. ತೆಳು ಬಾಣಲೆಯಲ್ಲಿ ಎರಡು ಚಮಚ ಎಣ್ಣೆ ೨೦೦೦ ವ್ಯಾಟಿನಲ್ಲಿ ನೋಡನೋಡುತ್ತ ಹೊಗೆಯೇಳುತ್ತದೆ. ೬೦೦ ವ್ಯಾಟಿನ ಆಸುಪಾಸು ಇಟ್ಟುಕೊಳ್ಳಿರಿ. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬಾರದು, ಸ್ವಿಚ್ಚು ತೆಗೆದು ತಾಟು ಮುಚ್ಚಬೇಕು. ಬೇಳೆ, ಕಾಳುಗಳನ್ನು ಮೊದಲೇ ನೆನೆಸಿ, ಕುಕ್ಕರ್ ಒಂದು ಸೀಟಿ ಹೊಡೆದೊಡನೆ ೪೦೦-೫೦೦ ವ್ಯಾಟಿಗೆ ಇಳಿಸಿದರೆ ಸಾಕು. ಆಮೇಲೆ ಹೆಚ್ಚು ಶಾಖ ಕೊಟ್ಟರೆ ಆವಿ ಹೊರಗೆ ಹೋಗುವುದೇ ಹೊರತು ಬೇಳೆ ಬೇಗ ಬೇಯುವುದಿಲ್ಲ. ಪಾತ್ರೆ ಇಳಿಸಿದ ಮೇಲೂ ಗಾಜು ಕೆಲಹೊತ್ತು ಸುಡುತ್ತದೆ, ಮಕ್ಕಳನ್ನು ದೂರವಿಡಿ. ಬಿರುಕು ಬಿಟ್ಟ ಗಾಜಿನ ಒಲೆಯನ್ನು ಮತ್ತೆ ಹಚ್ಚಬಾರದು, ಚೆಲ್ಲಿದ ಸಾರು ಬಿರುಕಿನಲ್ಲಿ ಇಳಿದು ಷಾಕ್ ಹೊಡೆಯುತ್ತದೆ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡ ಹಿರಿಯರಿದ್ದರೆ ವೈದ್ಯರನ್ನು ಕೇಳಬೇಕು, ಎರಡು ಅಡಿಗಿಂತ ಹತ್ತಿರ ಹೋಗದಿರುವುದು ರೂಢಿ.

ಹೀಗೆ ಒಲೆಯಿಂದ ಉಳಿದ ಸಗಣಿ ತಿಪ್ಪೆಗೆ ಹೋಗಲಿ, ತಿಪ್ಪೆ ಬಿಸಿಲಿಗೆ ಒಣಗದಂತೆ ಮಣ್ಣು ಮುಚ್ಚಿರಿ. ಹತ್ತಿಕಟ್ಟಿಗೆಯನ್ನು ಮಾತ್ರ ಉರುವಲಿಗೆಂದು ಮನೆಯ ಹಿಂದೆ ಒಟ್ಟಿಡಬೇಡಿ. ಒಡೆಯದೆ ಉಳಿದ ಕಾಯಿಗಳಲ್ಲಿ ಗುಲಾಬಿ ಕಾಯಿಕೊರಕದ ಹುಳು ಅಡಗಿದ್ದು ಮುಂದಿನ ಬೆಳೆಗೆ ಹರಡುತ್ತದೆ. ಬಿಡಿಸಿ ಮುಗಿದ ಕೂಡಲೇ ಕಟ್ಟಿಗೆಯನ್ನು ಯಂತ್ರದಿಂದ ಚೂರು ಮಾಡಿಸಿ ಹೊಲದಲ್ಲಿಯೇ ಸೇರಿಸಿರಿ. ಯಂತ್ರ ಸಿಗದಿದ್ದಲ್ಲಿ ಉಳಿದ ಕಾಯಿಗಳನ್ನಾದರೂ ಕಿತ್ತು ಸುಟ್ಟು, ಕಟ್ಟಿಗೆಯನ್ನು ಮುಂದಿನ ಬಿತ್ತನೆಗೆ ಮೊದಲು ಹಂಡೆಯ ಒಲೆಗೆ ಮುಗಿಸಿರಿ.