ನಗರದ ಕಸದ ಗೊಬ್ಬರ: ಕೊಳ್ಳುವ ಮುನ್ನ ಪರೀಕ್ಷಿಸಿ

ಹೊಲದಲ್ಲಿ ಬೆಳೆದ ಸೊಪ್ಪು, ತರಕಾರಿ, ಹಣ್ಣು, ಕಾಳುಕಡ್ಡಿಗಳು ದಿನವೂ ಲಾರಿಗಟ್ಟಲೆ ಪಟ್ಟಣ ಸೇರುತ್ತವೆ. ಅವುಗಳೊಡನೆ ನಿಮ್ಮ ಭೂಮಿಯ ಸಾರಜನಕ, ರಂಜಕ ಮತ್ತು ಪೊಟ್ಯಾಷ್ ಸಹ ಹೋಗುತ್ತವೆ. ಮರಳಿ ಬರುವುದು ಬಹಳ ಕಡಿಮೆ. ಉಳಿದುದು ಪಟ್ಟಣದ ಹೊರಗಿನ ಯಾವುದೋ ಹಳ್ಳಿಯ ಮಗ್ಗುಲಲ್ಲಿ ರಾಶಿ ಬೀಳುತ್ತದೆ. ಬೆಂಗಳೂರಿನ ಕಸದ ವಿರುದ್ಧ ಮಾವಳ್ಳಿಪುರದವರು 2012ರಲ್ಲಿಯೂ ಮಂಡೂರಿನವರು 2014ರಲ್ಲಿಯೂ ಹೋರಾಡಿದುದು ನಿಮಗೆ ನೆನಪಿರಬಹುದು.

ಈ ಕಸ ಗೊಬ್ಬರವಾಗಬಲ್ಲದು ಎಂಬುದು ಹೊಸ ವಿಚಾರವಲ್ಲ. ಡಾ. ಸಿ. ಎನ್. ಆಚಾರ್ಯ ಅವರು 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪಿಸಿದ ವಿಧಾನ ಇಂದಿಗೂ ಪಠ್ಯಪುಸ್ತಕಗಳಲ್ಲಿ 'ಬೆಂಗಳೂರು ಪದ್ಧತಿ' ಎಂದೇ ಪ್ರಸಿದ್ಧವಾಗಿದೆ. ಸುಮಾರು ಮೂರು ಅಡಿ ಆಳದ ಗುಂಡಿಯಲ್ಲಿ ಊರ ಕಸವನ್ನೂ ಮಲವನ್ನೂ ಪದರ ಪದರವಾಗಿ ತುಂಬಿ, ಮೇಲೆ ಕೆಸರುಮಣ್ಣು ಮೆತ್ತಿ, ಆರರಿಂದ ಎಂಟು ತಿಂಗಳು ಕಳಿಯಲು ಬಿಡುತ್ತಿದ್ದರು. ಹುಬ್ಬಳ್ಳಿ-ಧಾರವಾಡದಲ್ಲಿ ನಗರದ ಕಸದ ಗುಂಡಿಗಳನ್ನು ಸುತ್ತಲಿನ ರೈತರು ಹರಾಜಿನಲ್ಲಿ ಕೊಂಡು ಗಾಡಿಗಳಲ್ಲಿ ಹೊಲಕ್ಕೆ ಸಾಗಿಸುತ್ತಿದ್ದ ಕಾಲವೂ ಇತ್ತು. ಆಗಿನ ಕಸವೆಂದರೆ ಬೂದಿ, ಎಲೆ, ಸಿಪ್ಪೆ, ಸಗಣಿ, ಧೂಳು. ಪ್ಲಾಸ್ಟಿಕ್ ಮತ್ತು ಗಾಜಿನ ಚೂರು ಹೆಚ್ಚಿದಂತೆ ಕೊಳ್ಳುವವರು ಕಡಿಮೆಯಾದರು. ಬರಿಗಾಲಲ್ಲಿ ಕಳೆ ಕೀಳುವವರಿಗೆ ಅದರ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೇರೆ ದೇಶಗಳಿಗೂ ಇದೇ ಪೆಟ್ಟು ಬಿತ್ತು. ಜರ್ಮನಿಯಲ್ಲಿ ಬೆರಕೆ ಕಸವನ್ನೇ ಯಂತ್ರಗಳಿಂದ ಬೇರ್ಪಡಿಸಿ ಗೊಬ್ಬರ ಮಾಡುವ ಪ್ರಯತ್ನ ನಡೆದಿತ್ತು. ಗಾಜು ಮತ್ತು ಭಾರಲೋಹಗಳ ಭಯದಿಂದ ಆ ಗೊಬ್ಬರಕ್ಕೆ ಬೆಲೆಯಿಲ್ಲದಾಯಿತು. 1983ರಲ್ಲಿ ವಿಟ್ಸೆನ್‌ಹೌಸೆನ್ ಎಂಬ ಚಿಕ್ಕ ಪಟ್ಟಣದಲ್ಲಿ ಬೇರೊಂದು ಪ್ರಯೋಗ ಮಾಡಿದರು. ಅಡುಗೆಮನೆಯ ಮತ್ತು ಕೈತೋಟದ ಕಸಕ್ಕೆಂದೇ ಮನೆಮನೆಗೆ ಪ್ರತ್ಯೇಕ ತೊಟ್ಟಿ ಕೊಟ್ಟರು. ಹೀಗೆ ಬಂದ ಗೊಬ್ಬರದಲ್ಲಿ ಸೀಸ ಮೊದಲಾದ ಲೋಹಗಳ ಪ್ರಮಾಣ ಬಹಳ ತಗ್ಗಿತು. 2015ರಿಂದ ಈ ಪ್ರತ್ಯೇಕ ಸಂಗ್ರಹಣೆ ಜರ್ಮನಿಯಲ್ಲೆಲ್ಲ ಕಡ್ಡಾಯವಾಯಿತು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರವು 2009ರಲ್ಲೇ ಇಂಥ ನಿಯಮ ತಂದಿತು. ಅಲ್ಲಿಯ ಕಾಂಪೋಸ್ಟ್ ದ್ರಾಕ್ಷಿ ತೋಟಗಳಿಗೆ ಹೋಗುತ್ತದೆ.

ದಕ್ಷಿಣ ಕೊರಿಯದ ಸೋಲ್ ನಗರ 1978ರಿಂದ 1993ರವರೆಗೆ ನಾಂಜಿಡೊ ಎಂಬಲ್ಲಿ ಕಸ ಸುರಿದು 90 ಮೀಟರಿಗೂ ಎತ್ತರದ ಗುಡ್ಡಗಳನ್ನೇ ಎಬ್ಬಿಸಿತು. 2005ರಲ್ಲಿ ಆಹಾರದ ಕಸವನ್ನು ನೇರವಾಗಿ ಹೂಳುವುದನ್ನು ಆ ದೇಶ ನಿಷೇಧಿಸಿತು. 2013ರಿಂದ ಹಾಕಿದಷ್ಟು ಕಸಕ್ಕೆ ಹಣ ತೆರಬೇಕಾಯಿತು. ಆದರೆ ಅಲ್ಲಿಯ ಅಡುಗೆಯಲ್ಲಿ ಉಪ್ಪು ಹೆಚ್ಚು. ಆದ್ದರಿಂದ ಗೊಬ್ಬರದಲ್ಲಿಯೂ ಉಪ್ಪು ಉಳಿಯುವ ತೊಂದರೆ ಇದೆ. ನಮ್ಮ ಹೋಟೆಲು, ಛತ್ರಗಳ ಎಂಜಲಿನ ಗೊಬ್ಬರ ಕೊಳ್ಳುವವರು ಇದನ್ನು ಗಮನಿಸತಕ್ಕದ್ದು.

ನಮ್ಮಲ್ಲಿ 2016ರ ಘನತ್ಯಾಜ್ಯ ನಿಯಮಗಳು ಹಸಿ ಕಸ, ಒಣ ಕಸ, ಅಪಾಯಕಾರಿ ಕಸಗಳನ್ನು ಮನೆಯಲ್ಲೇ ಬೇರ್ಪಡಿಸಬೇಕೆಂದು ವಿಧಿಸಿದವು. ನಿಯಮ ಎಲ್ಲೆಡೆ ಪಾಲನೆಯಾಗುತ್ತಿದೆ ಎಂದು ನಂಬಿ ಗೊಬ್ಬರ ಕೊಳ್ಳಬೇಡಿ. ಬೆರೆತ ಕಸವನ್ನು ಎಷ್ಟು ಜರಡಿ ಹಿಡಿದರೂ ಟಾರ್ಚಿನ ಸೆಲ್ಲು, ಬಣ್ಣದ ಚಕ್ಕೆಗಳಿಂದ ಬಂದ ಲೋಹ ಹೊರಬರುವುದಿಲ್ಲ.

ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ನಗರ ಕಾಂಪೋಸ್ಟಿನಲ್ಲಿ ಒಣ ತೂಕದ ಪ್ರತಿ ಕಿಲೋಗ್ರಾಂಗೆ ಸೀಸ 100 ಮಿ.ಗ್ರಾಂ, ಕ್ಯಾಡ್ಮಿಯಂ 5 ಮಿ.ಗ್ರಾಂ ಮೀರಕೂಡದು. ಇದು ಅತಿ ಚಿಕ್ಕ ಪ್ರಮಾಣವೆಂದು ತೋರಬಹುದು. ಲೆಕ್ಕ ಹಾಕಿ ನೋಡೋಣ. ಎಕರೆಗೆ 4 ಟನ್ ಹಾಕುತ್ತೀರಿ. ತೇವ ಕಳೆದರೆ ಸುಮಾರು 3,200 ಕಿ.ಗ್ರಾಂ. ಮಿತಿಯಂಚಿನಲ್ಲಿರುವ ಗೊಬ್ಬರವಾದರೆ ವರ್ಷಕ್ಕೆ 320 ಗ್ರಾಂ, ಹತ್ತು ವರ್ಷಕ್ಕೆ 3 ಕಿ.ಗ್ರಾಂಗೂ ಮೀರಿದ ಸೀಸ ಆ ಎಕರೆಗೆ ಸೇರುತ್ತದೆ. ಮಿತಿ ಮೀರಿದ್ದರೆ ಇನ್ನೂ ಹೆಚ್ಚು. ಸಾರಜನಕ ಬೆಳೆಗೆ ಹೋಗುತ್ತದೆ, ನೀರಿನಲ್ಲಿ ಬಸಿಯುತ್ತದೆ. ಸೀಸ ಹಾಗಲ್ಲ, ಮೇಲ್ಮಣ್ಣಿನಲ್ಲೇ ನಿಲ್ಲುತ್ತದೆ. ಅದನ್ನು ತೆಗೆಯುವ ಸುಲಭೋಪಾಯ ಯಾವುದೂ ಇಲ್ಲ.

ಪೋಷಕಾಂಶದ ವಿಷಯದಲ್ಲಿಯೂ ಅತಿಯಾಸೆ ಬೇಡ. ಸಾರಜನಕ ಶೇಕಡಾ 0.8 ಇದ್ದರೆ ಒಂದು ಟನ್ನಿನಲ್ಲಿ 8 ಕಿ.ಗ್ರಾಂ ದೊರೆಯಿತು, 45 ಕಿ.ಗ್ರಾಂ ಯೂರಿಯಾ ಚೀಲದಲ್ಲಿ 20 ಕಿ.ಗ್ರಾಂಗಿಂತ ಹೆಚ್ಚಿದೆ. ಕಾಂಪೋಸ್ಟನ್ನು ಹಾಕುವುದು ಮಣ್ಣು ಹುಡಿಯಾಗಲಿ, ತೇವ ನಿಲ್ಲಲಿ ಎಂದು. ನಮ್ಮ ಕೆಂಪು ಭೂಮಿಗೆ ಇದು ನಿಜಕ್ಕೂ ಬೇಕು.

ಲಾರಿ ಇಳಿಸುವ ಮೊದಲೇ ಪರೀಕ್ಷಿಸಿ. ರಾಶಿಯೊಳಗೆ ಮೊಣಕೈವರೆಗೆ ಅಗೆದು ಕೈಯಿಟ್ಟಾಗ ಬಿಸಿ ತಗುಲಿದರೆ, ನವಸಾಗರದ ಘಾಟು ಬಂದರೆ ಗೊಬ್ಬರ ಇನ್ನೂ ಕಳಿತಿಲ್ಲ. ಇಂಗಾಲ-ಸಾರಜನಕದ ಪ್ರಮಾಣ 20ಕ್ಕಿಂತ ಕಡಿಮೆಯಿರಬೇಕು. ಹೆಚ್ಚಿದ್ದರೆ ಸೂಕ್ಷ್ಮಾಣುಗಳು ಮಣ್ಣಿನ ಸಾರಜನಕವನ್ನೇ ಬಳಸಿಕೊಂಡು ಪೈರು ಹಳದಿಯಾಗುತ್ತದೆ. ಇಂಥದನ್ನು ನೆರಳಿನಲ್ಲಿ ರಾಶಿ ಹಾಕಿ, ನೀರು ಚಿಮುಕಿಸಿ, ಆಗಾಗ ತಿರುವಿ, ತಣ್ಣಗಾದ ಮೇಲೆಯೇ ಬಳಸಬೇಕು.

ಒಂದು ಮಂಕರಿಯಷ್ಟು ಒಣಗಿಸಿ 4 ಮಿ.ಮೀ. ಕಣ್ಣಿನ ಜರಡಿಯಲ್ಲಿ ಹಿಡಿಯಿರಿ. ನೂರರಲ್ಲಿ ತೊಂಬತ್ತು ಪಾಲು ಕೆಳಗಿಳಿಯಬೇಕು. ಇಳಿದುದರಲ್ಲಿಯೂ ಗಾಜಿನ ಹೊಳಪು ಕಂಡರೆ ಲಾರಿಯನ್ನು ಹಿಂದಕ್ಕೆ ಕಳಿಸಿ. ಉಪ್ಪಿನ ಸಂಶಯವಿದ್ದರೆ ಎರಡು ಮಡಕೆ ತೆಗೆದುಕೊಳ್ಳಿ. ಒಂದಕ್ಕೆ ನಿಮ್ಮ ಹೊಲದ ಮಣ್ಣು, ಇನ್ನೊಂದಕ್ಕೆ ಅದೇ ಮಣ್ಣಿಗೆ ಮೂರರಲ್ಲೊಂದು ಪಾಲು ಗೊಬ್ಬರ ಬೆರೆಸಿ, ಎರಡರಲ್ಲೂ ಇಪ್ಪತ್ತು ಇಪ್ಪತ್ತು ಹೆಸರುಕಾಳು ಬಿತ್ತಿ. ವಾರದೊಳಗೆ ಎರಡನೆಯದರಲ್ಲಿ ಮೊಳಕೆ ಕಡಿಮೆಯಾದರೆ, ಎಲೆಯ ತುದಿ ಸುಟ್ಟರೆ ಆ ಗೊಬ್ಬರ ಬೇಡ.

ಲೋಹ ಮಾತ್ರ ಕಣ್ಣಿಗೆ ಕಾಣದು. ಆದಕಾರಣ ತಯಾರಕರಿಂದ ಆ ತಂಡದ ಗೊಬ್ಬರದ ಪರೀಕ್ಷಾ ವರದಿಯನ್ನು ಕೇಳಿ ಪಡೆಯಿರಿ. ವರದಿ ಇಲ್ಲವೆಂದರೆ ಸೊಪ್ಪು, ಮೂಲಂಗಿ, ಕ್ಯಾರೆಟ್ ಬೆಳೆಯುವ ತಾಕಿಗೆ ಅದನ್ನು ಸೇರಿಸಲೇಬೇಡಿ. ಕೊಂಡ ಪ್ರತಿ ಸಲವೂ ರಾಶಿಯ ಹತ್ತು ಕಡೆಯಿಂದ ಹಿಡಿ ಹಿಡಿ ತೆಗೆದು ಬೆರೆಸಿ, ಒಂದು ಕಿಲೋಗ್ರಾಂನಷ್ಟನ್ನು ದಿನಾಂಕದ ಚೀಟಿಯೊಡನೆ ಚೀಲದಲ್ಲಿ ಕಟ್ಟಿ, ರಸೀದಿಯ ಜೊತೆ ಇಟ್ಟುಕೊಳ್ಳಿ.