ಸೂಜಿಯೆಲೆ ಮರಗಳ ಕೊಂಬೆ ಏಳುವುದೇಕೆ, ಬಾಗುವುದೇಕೆ?

ಅಂಗಳದ ಅರಕೇರಿಯಾ ಮರದ ಪಕ್ಕದ ಕೊಂಬೆಯನ್ನು ಕಡಿದು, ಬೇರು ಬರಿಸಿ ನೆಟ್ಟವರು, ವರ್ಷಗಟ್ಟಲೆ ನೀರೆರೆದರೂ ಗಿಡವು ಮಗ್ಗುಲಿಗೇ ಚಾಚುತ್ತದೆ, ಗೋಪುರದಂತೆ ಮೇಲೇಳುವುದಿಲ್ಲ ಎಂದು ದೂರುವುದುಂಟು. ದೋಷವು ಗೊಬ್ಬರದ್ದಲ್ಲ, ಮಣ್ಣಿನದೂ ಅಲ್ಲ. ಪೈನ್, ದೇವದಾರು, ಅರಕೇರಿಯಾ ಮೊದಲಾದ ಸೂಜಿಯೆಲೆ ಮರಗಳ ಕೊಂಬೆಗಳ ಸ್ವಭಾವವನ್ನು ತಿಳಿದರೆ ಇದರ ಕಾರಣ ಅರ್ಥವಾಗುವುದು.

ಒತ್ತು ಕಟ್ಟಿಗೆ

ಕೊಂಬೆಯು ಉದ್ದವಾದಂತೆ ಅದರ ಭಾರವೂ ಹೆಚ್ಚಿ ಅದನ್ನು ಕೆಳಕ್ಕೆ ಎಳೆಯುತ್ತದೆ. ಇದಕ್ಕೆ ಎದುರಾಗಿ ಮರವು ಕೊಂಬೆಯ ತಳಮಗ್ಗುಲಲ್ಲಿ ವಿಶೇಷ ಕಟ್ಟಿಗೆಯನ್ನು ಬೆಳೆಸುತ್ತದೆ. ಈ ಕಟ್ಟಿಗೆಯಲ್ಲಿ ಲಿಗ್ನಿನ್ ಹೆಚ್ಚು. ಬಲಿಯುವಾಗ ಇದು ಉದ್ದಕ್ಕೆ ಹಿಗ್ಗಲೆಳಸಿ, ಜಾಕಿಯಂತೆ ಕೊಂಬೆಯನ್ನು ಮೇಲಕ್ಕೆ ಒತ್ತುತ್ತದೆ. ಭಾರ ಗೆದ್ದರೆ ಕೊಂಬೆ ಬಾಗುವುದು, ಒತ್ತಡ ಗೆದ್ದರೆ ಏಳುವುದು. ನಮ್ಮ ಗಾಳಿಮರವು ನೋಟಕ್ಕೆ ಪೈನ್‌ನಂತಿದ್ದರೂ ಈ ಜಾತಿಗೆ ಸೇರಿದ್ದಲ್ಲ. ಅಂಥ ಅಗಲೆಲೆ ವರ್ಗದ ಮರಗಳಲ್ಲಿ ಸಾಮಾನ್ಯವಾಗಿ ಮೇಲ್ಮಗ್ಗುಲಿನ ಕಟ್ಟಿಗೆಯೇ ಹಗ್ಗದಂತೆ ಕೊಂಬೆಯನ್ನು ಎಳೆದು ಹಿಡಿಯುತ್ತದೆ.

ತುದಿ ಮುರಿದಾಗ

ಪೈನ್ ಮರದ ನಡುತುದಿ ಮುರಿದರೆ, ಅದರ ಕೆಳಗಿನ ಸುತ್ತಿನ ಕೊಂಬೆಗಳು ಕ್ರಮೇಣ ಮೇಲಕ್ಕೆ ಬಾಗಿ, ಅವುಗಳಲ್ಲೊಂದು ಹೊಸ ತುದಿಯಾಗುತ್ತದೆ. ಅರಕೇರಿಯಾದ ರೀತಿ ಬೇರೆ. ಅದರ ಪಕ್ಕದ ಕೊಂಬೆಯು ಎಂದಿಗೂ ಕಾಂಡವಾಗದು. ತುದಿ ಹೋದರೆ ಕಾಂಡದಿಂದಲೇ ಹೊಸ ನೆಟ್ಟಗಿನ ಚಿಗುರು ಬರಬೇಕು. ಕಾಳುಮೆಣಸಿನ ಫಲಕೊಂಬೆಯಿಂದ ಮಾಡಿದ ಗಿಡವು ಪೊದೆಯಾಗುವುದೇ ಹೊರತು ಮರ ಹತ್ತದು ಎಂಬುದನ್ನು ನೀವು ಬಲ್ಲಿರಿ. ಇದೂ ಹಾಗೆಯೇ.

ರೈತರು ಗಮನಿಸಬೇಕಾದ ಅಂಶಗಳು

1. ಅರಕೇರಿಯಾ ಸಸಿಯನ್ನು ಬೀಜದಿಂದ ಅಥವಾ ನೆಟ್ಟಗಿನ ಚಿಗುರಿನ ತುದಿಯಿಂದ ಮಾತ್ರ ಮಾಡಿರಿ. ಕೊಳ್ಳುವಾಗಲೂ ವಿಚಾರಿಸಿರಿ, ಪಕ್ಕದ ಕೊಂಬೆಯ ಸಸಿಗೆ ಕೊಟ್ಟ ಹಣವೂ ಕಾದ ವರ್ಷಗಳೂ ವ್ಯರ್ಥವಾದಾವು.

2. ಅಂದಕ್ಕೆಂದು ಅದರ ತುದಿಯನ್ನು ಚಿವುಟಬೇಡಿರಿ.

3. ಪೈನ್‌ನ ತುದಿ ಮುರಿದಿದ್ದರೆ, ಮೇಲಿನ ಸುತ್ತಿನ ಬಲವಾದ ಒಂದು ಕೊಂಬೆಯನ್ನು ಬಿದಿರು ಕಡ್ಡಿಗೆ ಸಡಿಲವಾಗಿ ಕಟ್ಟಿ ನಿಲ್ಲಿಸಿರಿ. ಅದರೊಡನೆ ಪೈಪೋಟಿ ನಡೆಸುವ ಉಳಿದವುಗಳ ತುದಿಯನ್ನು ಕತ್ತರಿಸಿರಿ.

4. ವಾಲಿದ ಸಸಿಯನ್ನು ಎಳೆಯದಿದ್ದಾಗಲೇ ಊರೆ ಕೊಟ್ಟು ನೇರಮಾಡಿರಿ. ದಪ್ಪವಾದ ಮೇಲೆ ಕಾಂಡವು ಸುಲಭವಾಗಿ ಬಗ್ಗದು.

5. ಪೈನ್ ಹಲಗೆ ಕೊಳ್ಳುವಾಗ ದಿಮ್ಮಿಯ ಕೊಯ್ದ ತುದಿಯನ್ನು ನೋಡಿರಿ. ತಿರುಳು ಒಂದು ಬದಿಗೆ ಸರಿದು, ಇನ್ನೊಂದು ಬದಿಯಲ್ಲಿ ಕೆಂಗಂದು ಬಣ್ಣದ ಅರ್ಧಚಂದ್ರ ಕಂಡರೆ ಅದು ಒತ್ತು ಕಟ್ಟಿಗೆ. ಸಾಮಾನ್ಯ ಕಟ್ಟಿಗೆಯು ಒಣಗುವಾಗ ಉದ್ದಕ್ಕೆ ಶೇಕಡಾ 0.1ರಿಂದ 0.3ರಷ್ಟು ಮಾತ್ರ ಕುಗ್ಗಿದರೆ, ಇದು ಶೇಕಡಾ 1ನ್ನೂ ಮೀರಿ ಕುಗ್ಗಬಹುದು. ಇಂಥ ಹಲಗೆಯ ಬಾಗಿಲು ಸೊಟ್ಟಗಾಗುವುದು.

ನಿಂತ ಮರವನ್ನು ನೆಟ್ಟಗಿಟ್ಟ ಕಟ್ಟಿಗೆಯೇ, ಕೊಯ್ದ ಮೇಲೆ ಹಲಗೆಯನ್ನು ಡೊಂಕುಮಾಡುತ್ತದೆ. ಆದುದರಿಂದ ಮರವನ್ನು ಸಸಿಯಿದ್ದಾಗಲೇ ನೇರವಾಗಿ ಬೆಳೆಸುವುದು ಲೇಸು.