ಗಣಕದ ಜವ ಮತ್ತು ಅದರ ಸ್ಮೃತಿ

ಗಣಕನೆಂಬ ಶಬ್ದವು ಕನ್ನಡಕ್ಕೆ ಹೊಸದಲ್ಲ. ಲೆಕ್ಕ ಬರೆಯುವವನನ್ನೂ ಜೋಯಿಸನನ್ನೂ ಹಿಂದಿನವರು ಗಣಕನೆಂದೇ ಕರೆದರು. ಆ ಹೆಸರು ಇಂದು ಯಂತ್ರಕ್ಕೆ ಸಂದಿದೆ. ಎಣಿಸುವುದೊಂದೇ ಇದರ ಕಾರ್ಯವೆಂಬ ಭಾವನೆಯು ಈ ಹೆಸರಿನಿಂದಲೇ ಬೇರೂರಿತೋ ಏನೋ, ಕೊಳ್ಳುವವರು ಮೊದಲು ವಿಚಾರಿಸುವುದು ಎಣಿಕೆಯ ಜವವನ್ನು. ವಾಸ್ತವದಲ್ಲಿ ನಿಧಾನವಾದ ಗಣಕವು ಎಷ್ಟೋ ವೇಳೆ ಎಣಿಸುತ್ತಿರುವುದೇ ಇಲ್ಲ. ಎಣಿಸಬೇಕಾದ ಸಾಮಗ್ರಿ ಬರಲೆಂದು ಕಾಯುತ್ತಿರುತ್ತದೆ.

3 ಗಿಗಾಹರ್ಟ್ಸ್ ಪ್ರೊಸೆಸರು ಸೆಕೆಂಡಿಗೆ 300 ಕೋಟಿ ಬಾರಿ ಮಿಡಿಯುತ್ತದೆ. ಬೇಕಾದ ಮಾಹಿತಿಯು ರ್‍ಯಾಮ್ ಎಂಬ ಸ್ಮೃತಿಕೋಶದಲ್ಲಿದ್ದರೆ ಅದು ಕೈಸೇರಲು ಸುಮಾರು 100 ನ್ಯಾನೊಸೆಕೆಂಡು, ಎಂದರೆ 300 ಮಿಡಿತಗಳ ಕಾಲ ಹಿಡಿಯುತ್ತದೆ. ಅದೇ ಮಾಹಿತಿಯು ತಿರುಗುವ ಹಾರ್ಡ್ ಡಿಸ್ಕಿನಲ್ಲಿದ್ದರೆ ಸುಮಾರು 10 ಮಿಲಿಸೆಕೆಂಡು: 3 ಕೋಟಿ ಮಿಡಿತಗಳು!

ಬೈಲಹೊಂಗಲದ ಹತ್ತಿಯ ಪೇಟೆಯನ್ನು ಬಲ್ಲವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಜಿನ್ನಿನ ಮಗ್ಗುಲಲ್ಲಿ ಹತ್ತಿಯ ರಾಶಿ ಇರುವವರೆಗೆ ಯಂತ್ರವು ಎಡೆಬಿಡದೆ ಅರಳೆಯನ್ನೂ ಕಾಳನ್ನೂ ಬೇರ್ಪಡಿಸುತ್ತದೆ. ರಾಶಿ ತೀರಿದಾಗಲೆಲ್ಲ ಸವದತ್ತಿಯಿಂದಲೋ ರಾಮದುರ್ಗದಿಂದಲೋ ಗಾಡಿ ಬರಬೇಕಾದರೆ, ಜಿನ್ನು ಎಷ್ಟು ಚುರುಕಾಗಿದ್ದರೇನು? ಅಂಗಳವೇ ಕಿರಿದಾಗಿದ್ದರಂತೂ ಇನ್ನೂ ಕಷ್ಟ. ಹೊಸ ಗಾಡಿಯನ್ನು ಇಳಿಸಲು ಇದ್ದ ರಾಶಿಯನ್ನು ಹೊರಗೆ ಸಾಗಿಸಬೇಕು. ಮರುಗಳಿಗೆಯಲ್ಲಿ ಅದನ್ನೇ ಮರಳಿ ತರಬೇಕು. ಸ್ಮೃತಿಕೋಶ ತುಂಬಿದ ಗಣಕವು ಮಾಡುವುದು ಇದನ್ನೇ. ಗುಂಡಿ ಒತ್ತಿದ ವಿದ್ಯಾರ್ಥಿಯು ಪರದೆಯನ್ನು ನೋಡುತ್ತ ಕೂಡುತ್ತಾನೆ, ಪಾಠದ ಅವಧಿ ಮುಗಿಯುತ್ತದೆ.

ವಿಂಡೋಸ್ 11ಕ್ಕೆ ತಯಾರಕರು ಗೊತ್ತುಪಡಿಸಿದ ಕನಿಷ್ಠ ಸ್ಮೃತಿ 4 ಜಿಬಿ. ಅಷ್ಟೇ ಇದ್ದಲ್ಲಿ ನಾಲ್ಕಾರು ಜಾಲಪುಟಗಳನ್ನು ತೆರೆಯುವಷ್ಟರಲ್ಲಿ ಅಂಗಳ ತುಂಬಿಬಿಡುತ್ತದೆ.

ಕನ್ನಡ ಬರಹವೇ ಯಂತ್ರಕ್ಕೆ ಭಾರವೆಂದು ಹೇಳುವವರಿದ್ದಾರೆ. ಈ ಮಾತು ನಿರಾಧಾರವಾದುದು. ‘ಕಿತ್ತೂರು’ ಎಂಬ ಪದಕ್ಕೆ ಯೂನಿಕೋಡಿನಲ್ಲಿ 8 ಸಂಕೇತಗಳು: ನಾಲ್ಕು ವ್ಯಂಜನ, ಮೂರು ಸ್ವರಚಿಹ್ನೆ, ಒಂದು ಹಲಂತ. ಯುಟಿಎಫ್-8 ಕ್ರಮದಲ್ಲಿ ಒಂದೊಂದಕ್ಕೆ 3 ಬೈಟಿನಂತೆ ಒಟ್ಟು 24 ಬೈಟು. ಪುಟಕ್ಕೆ 2,000 ಸಂಕೇತಗಳಿರುವ 1,000 ಪುಟಗಳ ಗ್ರಂಥವೂ 60 ಲಕ್ಷ ಬೈಟಿನಲ್ಲಿ ಅಡಗುತ್ತದೆ. 4 ಜಿಬಿಯಾದರೋ 400 ಕೋಟಿ ಬೈಟಿಗೂ ಮಿಗಿಲು. ಭಾರವಾಗುವುದು ಚಿತ್ರಗಳು ಮತ್ತು ಜಾಲಪುಟಗಳು, ಅಕ್ಷರಗಳಲ್ಲ.

ಆದುದರಿಂದ ಶಾಲೆಗೆ ಗಣಕಗಳನ್ನು ಕೊಡಬಯಸುವ ದಾನಿಗಳು, ಇರುವ ಯಂತ್ರಗಳನ್ನು ಮೂಲೆಗೆ ತಳ್ಳುವ ಮೊದಲು ಅವು ಕೆಲಸದಲ್ಲಿರುವಾಗ ಟಾಸ್ಕ್ ಮ್ಯಾನೇಜರನ್ನು ತೆರೆಸಿ ನೋಡುವುದು ಯುಕ್ತ. ಸ್ಮೃತಿ ತುಂಬಿ, ಡಿಸ್ಕು ಬಿಡುವಿಲ್ಲದೆ ದುಡಿಯುತ್ತಿದ್ದು, ಪ್ರೊಸೆಸರು ಮಾತ್ರ ಬಿಡುವಾಗಿದ್ದರೆ ಕೊರತೆಯು ಸ್ಮೃತಿಯದು. 4 ಜಿಬಿಯನ್ನು 8 ಮಾಡಿ, ತಿರುಗುವ ಡಿಸ್ಕಿನ ಬದಲಿಗೆ ಎಸ್‌ಎಸ್‌ಡಿಯನ್ನು ಹಾಕಿಸಿದರೆ ಹೊಸ ಯಂತ್ರದ ವೆಚ್ಚ ಉಳಿಯುತ್ತದೆ. ಸ್ಮೃತಿಯಲ್ಲಿ ಎಡೆಯಿದ್ದೂ ಪ್ರೊಸೆಸರು ನೂರಕ್ಕೆ ನೂರು ದುಡಿಯುತ್ತಿದ್ದರೆ ಸ್ಮೃತಿಯನ್ನು ಹೆಚ್ಚಿಸುವುದು ವ್ಯರ್ಥ. ಅಲ್ಲಿ ಪ್ರೊಸೆಸರೇ ಬದಲಾಗಬೇಕು. ಕೆಲವು ಲ್ಯಾಪ್‌ಟಾಪುಗಳಲ್ಲಿ ಸ್ಮೃತಿಯನ್ನು ಫಲಕಕ್ಕೆ ಬೆಸೆದುಬಿಟ್ಟಿರುತ್ತಾರೆ. ಅಂಥವುಗಳಿಗೆ ಮುಂದೆ ಸೇರಿಸಲು ಬರುವುದಿಲ್ಲವಾದ್ದರಿಂದ, ಕೊಳ್ಳುವಾಗಲೇ ಕೇಳಿ ತಿಳಿದುಕೊಳ್ಳಬೇಕು.